ಹೀಗಿದ್ದರೆ ಹೀಗೆ ಎಂದು ಬರೆದವಳ ಸಂಶಯಗಳು

ಈ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, ಯಾವ ಕೋರ್ಸ್ ಮಾಡಬೇಕು ಎನ್ನುವುದು. ಕೋರ್ಸುಗಳ ವಿಚಾರ ನನಗೆ ಅಷ್ಟಾಗಿ ಗೊತ್ತಿಲ್ಲ. ನಾನು ವಿಜಯಪುರ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಅಲ್ಲೇ ಶಾಲೆಗೆ ಸೇರಿ, ಆಮೇಲೆ ಭಾಂಡುಪಿನ ಚಾಳಿನಲ್ಲಿ ಬೆಳೆದು, ಬಿ.ಕಾಂ. ಮಾಡಿ, ಟೈಪಿಂಗ್ ಕಲಿತು ವಿಕ್ರೋಳಿಯ ಒಂದು ಆಫೀಸಿಗೆ ಡೇಟಾ ಎಂಟ್ರಿಗೆಂದು ಸೇರಿದವಳು. ಆದರೆ ಒಂದು ಗುಣ ಬೇಕೇ ಬೇಕು ಎಂದು ಖಂಡಿತವಾಗಿ ಹೇಳಬಲ್ಲೆ. ಅದು ಸಂಶಯ. ನನಗೆ ಅದು ಹುಟ್ಟಿನಿಂದಲೇ ಬಂದದ್ದು. ತರಕಾರಿಯವನು ತಕ್ಕಡಿ ಎತ್ತಿದರೆ ನಾನು ತಟ್ಟೆಯ ಅಡಿಯನ್ನು ನೋಡುತ್ತೇನೆ. ಹಾಲಿನವನು ನಕ್ಕರೆ ನೀರು ಜಾಸ್ತಿಯಾಗಿದೆ ಎಂದುಕೊಳ್ಳುತ್ತೇನೆ. ನಮ್ಮ ಯಜಮಾನರು "ತಾನು ಕಳ್ಳ, ಪರರ ನಂಬ" ಎಂದು ಛೇಡಿಸುವುದುಂಟು. ಆಫೀಸಿನಲ್ಲಿ ನನ್ನನ್ನು ಬೆನ್ನ ಹಿಂದೆ ‘ಶಕ್ಕೀ ಬಾಯಿ’, ಅಂದರೆ ಸಂಶಯದ ಹೆಂಗಸು, ಎನ್ನುತ್ತಿದ್ದರು. ಬರಬರುತ್ತಾ ಎದುರಿಗೇ ಅನ್ನತೊಡಗಿದರು, ನಾನೂ ಓಗೊಡತೊಡಗಿದೆ.

ಬಡ್ತಿಗಳ ವಿಷಯ ಬರೆಯುವುದಿಲ್ಲ. ಬಂದವು ಎರಡು, ಎರಡೂ ತಡವಾಗಿ ಬಂದವು. ಕೆಲಸ ನಿಜವಾಗಿ ಹೇಗಿತ್ತು ಎಂಬುದನ್ನಷ್ಟೇ ಬರೆಯುತ್ತೇನೆ.

ನಮ್ಮದು ಕಟ್ಟಡ ಕಟ್ಟುವ ಕಂಪನಿಗಳಿಗೆ ಅವರ ಕಾರ್ಮಿಕರ ಸುರಕ್ಷತೆಯ ದಾಖಲೆ ಇಟ್ಟುಕೊಡುವ ಸಂಸ್ಥೆ. ಯಾರಿಗೆ ತರಬೇತಿ ಆಗಿದೆ, ಯಾರಿಗೆ ಡಾಕ್ಟರ ಪರೀಕ್ಷೆ ಆಗಿದೆ, ಯಾರು ಎತ್ತರದಲ್ಲಿ ಕೆಲಸ ಮಾಡಬಹುದು, ಇಂಥವು. ನಾನು ಸೇರಿದಾಗ ಎಲ್ಲವೂ ಉದ್ದನೆಯ ರಿಜಿಸ್ಟರುಗಳಲ್ಲಿತ್ತು. ಆಮೇಲೆ ಕಂಪ್ಯೂಟರಿನ ಕೋಷ್ಟಕಗಳು ಬಂದವು. ನನ್ನ ಕೊನೆಯ ಹತ್ತು ವರ್ಷಗಳಲ್ಲಿ ಸೆಮ್ಯಾಂಟಿಕ್ ವೆಬ್ ಎಂಬ ದೊಡ್ಡ ಹೆಸರಿನ ಪದ್ಧತಿ ಬಂತು. ಹೆಸರು ಕೇಳಿ ಹೆದರಬೇಡಿ. ಅದರಲ್ಲಿ ಎಲ್ಲ ಮಾಹಿತಿಯೂ ಮೂರು ತುಂಡಿನ ವಾಕ್ಯಗಳಾಗಿ ಇರುತ್ತದೆ. ರಮೇಶ, ಕೆಲಸದ ಜಾಗ, ಭಾಂಡುಪ್ ಸೈಟು. ಭಾಂಡುಪ್ ಸೈಟು, ಮಹಡಿಗಳು, ಹದಿನಾಲ್ಕು. ಒಂದರ ಬಾಲವನ್ನು ಇನ್ನೊಂದು ಹಿಡಿದುಕೊಂಡು ಬೆಳೆಯುತ್ತದೆ.

ಈ ವಾಕ್ಯಗಳ ಮೇಲೆ ನಾವು ನಿಯಮಗಳನ್ನು ಬರೆಯುತ್ತಿದ್ದೆವು. ಹೀಗಿದ್ದರೆ ಹೀಗೆ. ಒಬ್ಬನು ಎತ್ತರದ ಕೆಲಸ ಕಲಿತಿದ್ದು, ಅವನ ಬಳಿ ಡಾಕ್ಟರ ಫಿಟ್‌ನೆಸ್ ಪತ್ರವೂ ಇದ್ದರೆ, ಅವನು ಮೇಲೆ ಏರಲು ಯೋಗ್ಯ. ಷರತ್ತು ಕೂಡಿಬಂದರೆ ಕಂಪ್ಯೂಟರ್ ತಾನೇ ಒಂದು ಹೊಸ ವಾಕ್ಯವನ್ನು ಸೇರಿಸುತ್ತದೆ, ಯಾರೂ ಕೈಯಾರೆ ಬರೆಯದ ವಾಕ್ಯ. ಕೊನೆಗೆ ಎಲ್ಲವನ್ನೂ ತಪಾಸಣೆ ಮಾಡಿ, ಸರಿ ಇದ್ದರೆ ಹಸಿರು, ತಪ್ಪಿದ್ದರೆ ಕೆಂಪು ತೋರಿಸುತ್ತದೆ. ಅದೇ ಹಸಿರು, ಅದೇ ಕೆಂಪು ಸೈಟಿನ ಗೇಟಿನಲ್ಲಿರುವ ಮಶೀನಿಗೆ ಹೋಗುತ್ತದೆ. ಕಾರ್ಮಿಕನು ಕಾರ್ಡು ತೋರಿಸಿದಾಗ ದೀಪ ಹತ್ತುತ್ತದೆ. ನಿಯಮ ಯಾಕೆ ಕೆಲಸ ಮಾಡಲಿಲ್ಲ, ಮಾಡಬಾರದ ಕಡೆ ಯಾಕೆ ಮಾಡಿತು ಎಂದು ಹುಡುಕುವುದು ನನ್ನ ಪಾಲಿನ ಕೆಲಸ.

ಮೊದಲ ಪಾಠ ಸೇಫ್ಟಿ ಬೆಲ್ಟುಗಳದ್ದು. ಪ್ರತಿ ಬೆಲ್ಟನ್ನೂ ಆರು ತಿಂಗಳಿಗೊಮ್ಮೆ ಪರೀಕ್ಷಿಸಿರಬೇಕು ಎಂದು ನಾನೊಂದು ನಿಯಮ ಬರೆದೆ. ಮೂರು ವಾರ ಸತತವಾಗಿ ಹಸಿರು ಬಂತು. ಒಂದೇ ಒಂದು ತಪ್ಪಿಲ್ಲ. ಹೊಸದರಲ್ಲಿ ನನಗೂ ಜಂಬ. ವರದಿಯನ್ನು ಹಿಡಿದುಕೊಂಡು ಕುಲಕರ್ಣಿ ಸಾಹೇಬರ ಬಳಿ ಹೋದೆ. ಅವರು ನಮ್ಮ ವಿಭಾಗದ ಮುಖ್ಯಸ್ಥರು, ಧಾರವಾಡದವರು. ವರದಿಯನ್ನು ಮುಟ್ಟಲೂ ಇಲ್ಲ.

"ಬಾಯಾರ, ಎಷ್ಟ ಬೆಲ್ಟ್ ನೋಡೇದ ಇದು?" ಎಂದರು.

"ಎಲ್ಲಾ ನೋಡೇದ್ರಿ."

"ಎಲ್ಲಾ ಅಂದ್ರ ಎಷ್ಟು? ಸಂಖ್ಯಾ ಹೇಳ್ರಿ."

ಹೋಗಿ ನೋಡಿದೆ. ಸೊನ್ನೆ. ನನ್ನ ನಿಯಮ ‘ಬೆಲ್ಟ್’ ಎಂಬ ವರ್ಗವನ್ನು ಹುಡುಕುತ್ತಿತ್ತು, ಗೋದಾಮಿನವರು ಅವನ್ನೆಲ್ಲ ‘ಹಾರ್ನೆಸ್’ ಎಂಬ ವರ್ಗಕ್ಕೆ ಸೇರಿಸಿದ್ದರು. ಹಾಗಾಗಿ ಒಂದು ಬೆಲ್ಟನ್ನೂ ನೋಡದೆ ಎಲ್ಲ ಸರಿ ಇದೆ ಎಂದಿತ್ತು. ಪರೀಕ್ಷೆಗೆ ಯಾರೂ ಕೂರದ ಶಾಲೆಯಲ್ಲಿ ಫೇಲಾಗುವವರೂ ಇರುವುದಿಲ್ಲ. ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಸಾಹೇಬರು ಬೈಯಲಿಲ್ಲ. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ನ ಅಂದಿಲ್ಲ" ಎಂದು ಕನ್ನಡಕ ಒರೆಸಿಕೊಂಡರು. ಅಂದಿನಿಂದ ಹಸಿರನ್ನು ಕಂಡರೆ ನನಗೆ ಕೆಂಪಿಗಿಂತ ಹೆಚ್ಚು ಅನುಮಾನ.

ಆಮೇಲೆ ನಾನೊಂದು ಉಪಾಯ ಮಾಡಿಕೊಂಡೆ. ಪ್ರತಿ ತಪಾಸಣೆಗೆ ಮೊದಲು ಬೇಕೆಂದೇ ಒಂದು ತಪ್ಪು ದಾಖಲೆಯನ್ನು ಒಳಗೆ ತೂರಿಸುತ್ತಿದ್ದೆ. ಹುಸಿ ಕಾರ್ಮಿಕನೊಬ್ಬನನ್ನು ಸೃಷ್ಟಿಸಿ ಅವನಿಗೆ ಖೋಟೆಪ್ಪ ಎಂದು ಹೆಸರಿಟ್ಟೆ. ಅವನ ಫಿಟ್‌ನೆಸ್ ಅವಧಿ ಮುಗಿದಿರುತ್ತಿತ್ತು, ತರಬೇತಿ ಆಗಿರುತ್ತಿರಲಿಲ್ಲ. ತಪಾಸಣೆ ಖೋಟೆಪ್ಪನನ್ನು ಹಿಡಿದು ಕೆಂಪು ತೋರಿಸಿದರೆ ಅದು ಎಚ್ಚರವಾಗಿದೆ ಎಂದರ್ಥ. ಅವನನ್ನೂ ಹಸಿರು ಮಾಡಿ ಕಳಿಸಿದರೆ ಅದು ನಿದ್ದೆ ಮಾಡುತ್ತಿದೆ. ನೀವೂ ಹೀಗೆ ಒಬ್ಬ ಖೋಟೆಪ್ಪನನ್ನು ಸಾಕಿಕೊಳ್ಳಿ, ಒಳ್ಳೆಯದು.

ಒಂದು ಸಲ ಅವನನ್ನು ಹೊರಗೆ ತೆಗೆಯುವುದನ್ನು ಮರೆತೆ. ಅವನ ಹೆಸರಿನಲ್ಲಿ ಹೆಲ್ಮೆಟ್ಟು, ಬೂಟು, ಕಾರ್ಡು ಎಲ್ಲ ತಯಾರಾಗಿ ಸೈಟಿಗೆ ಹೋದವು. ಮೂರು ದಿನ ಬರದಿದ್ದಕ್ಕೆ ಅವನಿಗೆ ಗೈರುಹಾಜರಿಯ ನೋಟೀಸೂ ಹೋಯಿತು. ನೋಟೀಸಿನ ಪ್ರತಿ ನಮ್ಮ ಆಫೀಸಿಗೆ ಬಂದ ದಿನ ಕುಲಕರ್ಣಿ ಸಾಹೇಬರು ಅದನ್ನು ನನ್ನ ಮೇಜಿನ ಮೇಲಿಟ್ಟು, "ಖೋಟೆಪ್ಪನ ಕಡೆಯಿಂದ ಉತ್ತರ ನೀವಽ ಬರದು ಕೊಡ್ರಿ" ಎಂದು ಹೋದರು. ಇಡೀ ವಿಭಾಗ ಒಂದು ವಾರ ನಕ್ಕಿತು.

ಇನ್ನೊಂದು ಪ್ರಸಂಗ ಶ್ರುತಿಯದು. ಸಾಂತಾಕ್ರೂಜಿನ ಹುಡುಗಿ, ಮನೆಮಾತು ತುಳು. ಕನ್ನಡ ಅರ್ಥವಾಗುತ್ತಿತ್ತು, ಮಾತನಾಡುವಾಗ ತಡವರಿಸಿ ಹಿಂದಿಗೆ ಜಾರುತ್ತಿದ್ದಳು. ಬಹಳ ಚುರುಕು. ಕ್ರೇನ್ ಓಡಿಸುವವರು ನಲವತ್ತೈದು ದಾಟಿದ್ದರೆ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಆಗಬೇಕು ಎಂಬ ನಿಯಮವನ್ನು ಅವಳಿಗೆ ವಹಿಸಿದ್ದೆವು. ಬರೆದಳು, ಓಡಿಸಿದಳು. ಕಣ್ಣಿನ ಪರೀಕ್ಷೆ ಬೇಕಾದವರು ಒಬ್ಬರೂ ಇಲ್ಲ ಎಂದು ಬಂತು.

"ಮ್ಯಾಮ್, ರೂಲ್ ಫೈರ್ ಆಗ್ತಾನೇ ಇಲ್ಲ. ಕಂಡೀಶನ್ ಸರಿ ಉಂಟು. ಎರರ್ ಭೀ ನಹೀ ಹೈ," ಎಂದು ತಲೆ ಹಿಡಿದುಕೊಂಡು ಕೂತಳು.

ನನಗೆ ತಕ್ಷಣ ಹೊಳೆದದ್ದು ಮೋಸ. ವಯಸ್ಸಾದ ಡ್ರೈವರುಗಳ ಹುಟ್ಟಿದ ದಿನವನ್ನು ಗುತ್ತಿಗೆದಾರರು ತಿದ್ದಿದ್ದಾರೆ ಎಂದುಕೊಂಡೆ. ಹಳೆಯ ರಿಜಿಸ್ಟರುಗಳನ್ನು ತರಿಸಿ ಎರಡು ದಿನ ಧೂಳು ಕುಡಿದೆ. ತಾರೀಖುಗಳೆಲ್ಲ ಸರಿಯಾಗಿದ್ದವು. ಆಮೇಲೆ ನಿಯಮಗಳ ಸಾಲನ್ನು ನೋಡಿದೆವು. ಹುಟ್ಟಿದ ದಿನದಿಂದ ವಯಸ್ಸನ್ನು ಲೆಕ್ಕ ಹಾಕುವುದೂ ಒಂದು ನಿಯಮವೇ. ಅದು ಶ್ರುತಿಯ ನಿಯಮಕ್ಕಿಂತ ನಂತರ ಓಡುತ್ತಿತ್ತು. ಶ್ರುತಿಯ ನಿಯಮ ಬಂದು ‘ವಯಸ್ಸೆಷ್ಟು’ ಎಂದು ಕೇಳಿದಾಗ ಅಲ್ಲಿ ವಯಸ್ಸೇ ಇರಲಿಲ್ಲ. ಷರತ್ತು ಕೂಡಿಬರಲಿಲ್ಲವೆಂದು ಸುಮ್ಮನೆ ಮುಂದೆ ಹೋಯಿತು. ಸರದಿ ಬದಲಿಸಿದೆವು, ಡ್ರೈವರುಗಳು ಸಾಲಾಗಿ ಹೊರಬಿದ್ದರು.

ಷರತ್ತು ಕೂಡದ ನಿಯಮ ಕೂಗಾಡುವುದಿಲ್ಲ, ಬಾಯಿ ಮುಚ್ಚಿಕೊಂಡು ಹೋಗುತ್ತದೆ. ಇದನ್ನು ಮರೆಯಬೇಡಿ. ಆದರೆ ಆ ಪ್ರಸಂಗದಲ್ಲಿ ನಾನು ಕಲಿಯಬೇಕಾಗಿದ್ದ ಇನ್ನೊಂದು ಪಾಠವಿತ್ತು. ದಾಖಲೆ ವಿಚಿತ್ರವಾಗಿ ಕಂಡರೆ ನಾನು ಮೊದಲು ಮನುಷ್ಯರನ್ನು ಅನುಮಾನಿಸುತ್ತಿದ್ದೆ, ನಿಯಮವನ್ನು ಆಮೇಲೆ. ಅದನ್ನು ಆಗ ಕಲಿಯಲಿಲ್ಲ. ಕಲಿಸಿದವರು ಮಲ್ಲಪ್ಪ.

ನಮಗೆ ಒಬ್ಬನೇ ಕಾರ್ಮಿಕನ ಮಾಹಿತಿ ಮೂರು ಕಡೆಯಿಂದ ಬರುತ್ತಿತ್ತು. ಗುತ್ತಿಗೆದಾರನ ಪಟ್ಟಿ, ತರಬೇತಿ ಕೇಂದ್ರದ ಪಟ್ಟಿ, ಸೈಟಿನ ದವಾಖಾನೆಯ ಪಟ್ಟಿ. ಮೂರಕ್ಕೂ ಹೊಂದುವ ಒಂದು ನಂಬರು ಇರಲಿಲ್ಲ. ತಂದೆಯ ಹೆಸರು ಗುತ್ತಿಗೆದಾರನ ಪಟ್ಟಿಯಲ್ಲಿ ಮಾತ್ರ ಇರುತ್ತಿತ್ತು. ಹಾಗಾಗಿ ನಾನೇ ಒಂದು ನಿಯಮ ಬರೆದೆ. ಹೆಸರು, ಅಡ್ಡಹೆಸರು, ಊರು, ಹುಟ್ಟಿದ ತಾರೀಖು, ಈ ನಾಲ್ಕೂ ಒಂದೇ ಆಗಿದ್ದರೆ ಇಬ್ಬರೂ ಒಬ್ಬನೇ. ನಾಲ್ಕು ನಾಲ್ಕು ಹೊಂದಿದ ಮೇಲೆ ಬೇರೆಯವನು ಇರಲು ಹೇಗೆ ಸಾಧ್ಯ ಎಂದು ನನಗೆ ಆಗ ಎಷ್ಟು ಧೈರ್ಯವಿತ್ತೆಂದರೆ, ಮೀಟಿಂಗಿನಲ್ಲಿ ಶ್ರುತಿ ಕೇಳಿದ ಪ್ರಶ್ನೆಯನ್ನು ನಕ್ಕು ತಳ್ಳಿಹಾಕಿದೆ. "ಮ್ಯಾಮ್, ಸೇಮ್ ನೇಮ್, ಸೇಮ್ ಡೇಟ್ ಇಬ್ಬರು ಇರಬಹುದಲ್ವಾ?" ಎಂದು ಅವಳು ಕೇಳಿದ್ದಳು. "ಮುಂಬೈಯಲ್ಲಿ ಇರಬಹುದು, ಒಂದು ಹಳ್ಳಿಯಲ್ಲಿ ಇರುವುದಿಲ್ಲ" ಎಂದೆ.

ಇನ್ನೊಂದು ನಿಯಮ ಮೊದಲಿನಿಂದಲೇ ಇತ್ತು. ಡಾಕ್ಟರು ಒಬ್ಬನ ಮೇಲೆ ಆಕ್ಷೇಪ ಬರೆದಿದ್ದು, ನಂತರದ ತಾರೀಖಿನ ಫಿಟ್‌ನೆಸ್ ಪತ್ರ ಬಂದರೆ, ಹಳೆಯ ಆಕ್ಷೇಪ ರದ್ದು. ಇದು ನ್ಯಾಯವಾದ ನಿಯಮ. ಕೈ ಮುರಿದವನು ವಾಸಿಯಾದ ಮೇಲೆ ಕೆಲಸಕ್ಕೆ ಬರಬೇಡವೇ? ಎರಡು ನಿಯಮಗಳೂ ಒಂದೊಂದಾಗಿ ನೋಡಿದರೆ ಬೆಳ್ಳಗಿದ್ದವು. ಬೆಳ್ಳಗಿರುವುದೆಲ್ಲ ಹಾಲಲ್ಲ.

ನಾನು ವಾರಕ್ಕೊಮ್ಮೆ ಯಾವುದಾದರೂ ಹತ್ತಿಪ್ಪತ್ತು ದಾಖಲೆಗಳನ್ನು ಸುಮ್ಮನೆ ಕಣ್ಣಿನಿಂದ ಓದುವ ಅಭ್ಯಾಸ ಇಟ್ಟುಕೊಂಡಿದ್ದೆ. ಹಾಗೆ ಓದುವಾಗ ವಿಜಯಪುರ ಜಿಲ್ಲೆಯ ಮಲ್ಲಪ್ಪ ಎಂಬ ಕಾರ್ಮಿಕ ಸಿಕ್ಕಿದ. ಒಂದು ದಿನ ಬೆಳಗ್ಗೆ ಎಂಟಕ್ಕೆ ಭಾಂಡುಪ್ ಸೈಟಿನ ಗೇಟಿನಲ್ಲಿ ಕಾರ್ಡು ತೋರಿಸಿದ್ದಾನೆ. ಎಂಟೂಕಾಲಿಗೆ ಸಾಂತಾಕ್ರೂಜ್ ಸೈಟಿನಲ್ಲಿ. ಭಾಂಡುಪಿನಿಂದ ಲೋಕಲ್ ಹಿಡಿದು ದಾದರಿನಲ್ಲಿ ಇಳಿದು, ಸೇತುವೆ ಹತ್ತಿ, ಇನ್ನೊಂದು ಲೈನಿನ ಲೋಕಲ್ ಹಿಡಿದು ಸಾಂತಾಕ್ರೂಜ್ ಮುಟ್ಟುವ ಕಷ್ಟ ನನಗೆ ಗೊತ್ತು. ಕಾಲು ಗಂಟೆಯಲ್ಲಿ ಅದು ಹನುಮಂತನಿಗೂ ಆಗದು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ.

ನನಗೆ ಎಷ್ಟು ಖುಷಿಯಾಯಿತೆಂದರೆ ಹೇಳಲು ಈಗ ನಾಚಿಕೆಯಾಗುತ್ತದೆ. ಕಳ್ಳ ಸಿಕ್ಕಿದ ಎಂದುಕೊಂಡೆ. ಒಬ್ಬನ ಕಾರ್ಡನ್ನು ಇನ್ನೊಬ್ಬ ತೋರಿಸುವುದು ಸೈಟುಗಳಲ್ಲಿ ಇದ್ದದ್ದೇ. ಸಾಂತಾಕ್ರೂಜಿನ ದಾಖಲೆ ಹೊಸದಾದ್ದರಿಂದ ಅದೇ ಹುಸಿ ಇರಬೇಕೆಂದು ತೀರ್ಮಾನಿಸಿ, ಈ ಹೆಸರಿನವನನ್ನು ವಿಚಾರಣೆಯಾಗುವವರೆಗೆ ಒಳಗೆ ಬಿಡಬೇಡಿ ಎಂದು ಅಲ್ಲಿನ ಗುತ್ತಿಗೆದಾರನಿಗೆ ಬರೆದೆ. ಕುಲಕರ್ಣಿ ಸಾಹೇಬರು ಪ್ರತಿಯನ್ನು ಓದಿ, "ಬಾಯಾರ, ಮನಶ್ಯಾನ್ನ ಹಿಡಿಯೋಕಿಂತ ಮೊದಲ ನಿಮ್ಮ ರೂಲ್ ಒಮ್ಮೆ ಓದ್ರೆಲಾ" ಎಂದರು. ನಾನು ಓದಲಿಲ್ಲ. ನಾನೇ ಬರೆದದ್ದನ್ನು ನಾನೇ ಓದುವುದೇನು ಎಂಬ ಸೊಕ್ಕು.

ಮೂರನೆಯ ದಿನ ಆ ಮನುಷ್ಯ ವಿಕ್ರೋಳಿಯ ನಮ್ಮ ಆಫೀಸಿಗೇ ಬಂದ. ಮೂವತ್ತರ ಆಸುಪಾಸು, ತೊಳೆದ ಅಂಗಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಕಾಗದಗಳು. ನಾನು ವಿಜಯಪುರ ಕಡೆಯವಳೆಂದು ಯಾರೋ ಅವನಿಗೆ ಹೇಳಿದ್ದರು. ಮೇಜಿನಿಂದ ದೂರವೇ ನಿಂತ. ಶ್ರುತಿ ಕುರ್ಚಿ ತಂದಿಟ್ಟರೂ ಕೂರಲಿಲ್ಲ.

"ಅಕ್ಕಾರ, ನಾ ಏನ್ ತಪ್ಪ ಮಾಡೀನ್ರಿ? ಎರಡ ದಿನದಿಂದ ಗೇಟಿನ ಹೊರಗ ನಿಂತೀನ್ರಿ."

"ಭಾಂಡುಪ್‌ನ್ಯಾಗ ನಿಮ್ಮ ಕಾರ್ಡ್ ಯಾರ ತೋರಸ್ತಾರ?"

"ನಾ ಭಾಂಡುಪ್ ನೋಡೇ ಇಲ್ರಿ. ಅಲ್ಲಿ ನಮ್ಮಣ್ಣ ಅದಾನ್ರಿ."

"ನಿಮ್ಮ ಹೆಸರಿನ ಮ್ಯಾಲೆ ಅಣ್ಣ ಕೆಲಸ ಮಾಡ್ತಾನೇನು?"

"ಅವನ ಹೆಸರಿನ ಮ್ಯಾಲೆ ಅವ ಮಾಡ್ತಾನ್ರಿ. ಅವನ ಹೆಸರೂ ಮಲ್ಲಪ್ಪನಽ ರೀ. ನಮ್ಮ ದೊಡ್ಡಪ್ಪನ ಮಗ. ನಮ್ಮ ಮುತ್ಯಾನ ಹೆಸರು ಇಬ್ಬರಿಗೂ ಇಟ್ಟಾರ್ರಿ. ಊರಾಗ ಅವ ದೊಡ್ಡ ಮಲ್ಲಪ್ಪ, ನಾ ಸಣ್ಣ ಮಲ್ಲಪ್ಪ."

ನನ್ನ ಸಂಶಯ ಅಷ್ಟಕ್ಕೆ ಇಳಿಯಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಇವನು ಹೆಗಲು ಮುಟ್ಟಿಕೊಳ್ಳುತ್ತಾನೋ ನೋಡೋಣ ಎಂದು, ಇಬ್ಬರೂ ಒಂದೇ ದಿನ ಹುಟ್ಟಿದಿರೇನು ಎಂದು ಕೊಂಕಾಗಿ ಕೇಳಿದೆ.

ಅವನು ಸ್ವಲ್ಪವೂ ಅಳುಕಲಿಲ್ಲ. "ಅವ ನನಗಿಂತ ಎರಡ ವರ್ಷ ದೊಡ್ಡಾಂವ ರೀ. ಇಬ್ಬರನೂ ಒಂದಽ ದಿನ ಸಾಲಿಗೆ ಹಚ್ಚಿದ್ರು. ಮಾಸ್ತರ ಇಬ್ಬರಿಗೂ ಜೂನ್ ಒಂದು ಅಂತ ಬರಕೊಂಡ್ರು, ವರ್ಷಾನೂ ಒಂದಽ ಹಾಕಿದ್ರು. ನಮ್ಮೂರಾಗ ಎಲ್ಲಾರದೂ ಜೂನ್ ಒಂದಽ ರೀ."

ನನ್ನ ಹುಟ್ಟಿದ ದಿನವೂ ಜೂನ್ ಒಂದೇ. ನಾನು ಹುಟ್ಟಿದ್ದು ನಾಗರಪಂಚಮಿಯ ಹಿಂದುಮುಂದು ಎಂದು ಅವ್ವ ಹೇಳುತ್ತಿದ್ದಳು. ಶಾಲೆ ಶುರುವಾಗುವುದು ಜೂನಿನಲ್ಲಿ. ತಾರೀಖು ಗೊತ್ತಿಲ್ಲದ ಮಕ್ಕಳಿಗೆಲ್ಲ ಮಾಸ್ತರು ಜೂನ್ ಒಂದು ಎಂದು ಬರೆದು, ಓದಲು ಸೇರುವ ವಯಸ್ಸಿಗೆ ಹೊಂದುವ ಹಾಗೆ ವರ್ಷ ಹಾಕುತ್ತಿದ್ದರು. ಅಜ್ಜನ ಹೆಸರನ್ನು ಮೊಮ್ಮಕ್ಕಳಿಗೆಲ್ಲ ಇಡುವುದೂ ನಮ್ಮ ಕಡೆಯ ಪದ್ಧತಿಯೇ. ನನ್ನ ಸ್ವಂತ ಅಣ್ಣನಿಗೂ ಕಾಕಾನ ಮಗನಿಗೂ ಒಂದೇ ಹೆಸರು. ಸಾಂತಾಕ್ರೂಜಿನಲ್ಲಿ ಹುಟ್ಟಿ ಬೆಳೆದ ಶ್ರುತಿಗೆ ಬಂದ ಅನುಮಾನ, ಇದೆಲ್ಲ ಗೊತ್ತಿದ್ದ ನನಗೆ ಬರಲಿಲ್ಲ. ಒಂದು ಹಳ್ಳಿಯಲ್ಲಿ ಇರುವುದಿಲ್ಲ ಎಂದಿದ್ದೆ. ಒಂದು ಹಳ್ಳಿಯಲ್ಲೇ ಇರುತ್ತಾರೆ.

ಖೋಟೆಪ್ಪನೂ ಉಪಯೋಗಕ್ಕೆ ಬರಲಿಲ್ಲ, ಯಾಕೆಂದರೆ ಅವನು ಒಬ್ಬನೇ ಇದ್ದ. ಇಂಥ ತಪ್ಪನ್ನು ಹಿಡಿಯಲು ಅವನಿಗೊಬ್ಬ ದೊಡ್ಡಪ್ಪನ ಮಗ ಬೇಕಾಗಿತ್ತು.

ಶ್ರುತಿ ಅಷ್ಟರಲ್ಲಿ ಆ ದಾಖಲೆಯನ್ನು ಬಿಚ್ಚಿ ಯಾವ ವಾಕ್ಯ ಎಲ್ಲಿಂದ ಬಂತು ಎಂದು ಬೇರ್ಪಡಿಸುತ್ತಿದ್ದಳು. ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದಳು. "ಮ್ಯಾಮ್, ಇಲ್ಲಿ ಒಂದು ಮೆಡಿಕಲ್ ಆಬ್ಜೆಕ್ಷನ್ ಉಂಟು. ಕ್ಯಾನ್ಸಲ್ ಹೋ ಗಯಾ ಹೈ."

ಭಾಂಡುಪಿನ ದವಾಖಾನೆಯ ಹಳೆಯ ಟಿಪ್ಪಣಿ. ಮಲ್ಲಪ್ಪ, ಮೂರ್ಛೆರೋಗ, ಎತ್ತರದ ಕೆಲಸ ಕೂಡದು. ಅದಾದ ಮೇಲೆ ಸಾಂತಾಕ್ರೂಜಿನ ಡಾಕ್ಟರು ಕೊಟ್ಟ ಫಿಟ್‌ನೆಸ್ ಪತ್ರ. ನನ್ನ ನಿಯಮ ಇಬ್ಬರನ್ನು ಒಬ್ಬನನ್ನಾಗಿ ಮಾಡಿತ್ತು. ಇನ್ನೊಂದು ನಿಯಮ, ಹೊಸ ಪತ್ರ ಬಂತಲ್ಲ ಎಂದು ಹಳೆಯ ಆಕ್ಷೇಪವನ್ನು ಅಳಿಸಿತ್ತು. ತಪಾಸಣೆ ಬಂದು, ಪತ್ರ ಇದೆ, ತರಬೇತಿ ಇದೆ ಎಂದು ಹಸಿರು ಒತ್ತಿತ್ತು. ಎಲ್ಲೂ ಒಂದು ಕೆಂಪು ಇಲ್ಲ.

"ನಿಮ್ಮಣ್ಣಗ ಫಿಟ್ಸ್ ಬರ್ತಾವೇನು?" ಎಂದು ಕೇಳಿದೆ.

ಸಣ್ಣ ಮಲ್ಲಪ್ಪ ನೆಲ ನೋಡಿದ. "ಬರ್ತಿದ್ದೂರಿ. ಈಗ ಅವ ಮತ್ತ ಮ್ಯಾಲೆ ಏರ್ತಾನ್ರಿ. ಒಂಬತ್ತನೇ ಮಜಲಿ."

ಭಾಂಡುಪ್ ಸೈಟಿಗೆ ಫೋನು ಮಾಡಿದೆ. ಸೂಪರ್‌ವೈಸರ್ ಬಲು ಮರ್ಯಾದಸ್ಥ. ಕೇಳಿಸಿಕೊಂಡು, "ಮ್ಯಾಡಮ್, ಸಿಸ್ಟಮ್ ಮೇ ತೋ ಗ್ರೀನ್ ಹೈ. ಮೈ ಕೈಸೆ ಉತಾರೂಂ?" ಎಂದ. ಹಸಿರಿರುವವನನ್ನು ಕೆಳಗಿಳಿಸಲು ಅವನಿಗೆ ಅಧಿಕಾರವಿಲ್ಲ. ಆ ಹಸಿರು ಸುಳ್ಳು ಎಂದೆ. ನಿಮ್ಮ ಮಾತು ನಂಬಲೋ ಮಶೀನನ್ನು ನಂಬಲೋ ಎಂದ. ಶ್ರುತಿಗೆ ನಿಯಮವನ್ನು ನಿಲ್ಲಿಸಿ ಎಲ್ಲವನ್ನೂ ಮತ್ತೆ ಓಡಿಸಲು ಹೇಳಿದೆ. ಅದು ಮುಗಿಯಲು ಮಧ್ಯಾಹ್ನವಾಗುತ್ತಿತ್ತು. ಕುಲಕರ್ಣಿ ಸಾಹೇಬರಿಗೆ ಎರಡು ಮಾತಿನಲ್ಲಿ ಹೇಳಿ, ಸಣ್ಣ ಮಲ್ಲಪ್ಪನನ್ನು ಕರೆದುಕೊಂಡು ಸ್ಟೇಷನ್ನಿಗೆ ಓಡಿದೆ.

ವಿಕ್ರೋಳಿಯಿಂದ ಭಾಂಡುಪ್ ಎರಡನೆಯ ಸ್ಟೇಷನ್. ನಾನು ದಿನವೂ ಓಡಾಡಿದ ದಾರಿ. ಅಂದು ಗಾಡಿ ನಡುವೆ ನಿಂತಾಗ ನನಗೆ ಅಳು ಬಂತು. ಬಾಗಿಲ ಕಂಬ ಹಿಡಿದು ನಿಂತ ಸಣ್ಣ ಮಲ್ಲಪ್ಪ ಅಣ್ಣನಿಗೆ ಫೋನು ಮಾಡುತ್ತಲೇ ಇದ್ದ. ಕೆಲಸದ ಹೊತ್ತಿನಲ್ಲಿ ಫೋನು ಕೆಳಗೆ ಇಟ್ಟು ಹೋಗುತ್ತಾರೆ, ಎತ್ತುವುದಿಲ್ಲ ಎಂದ. ಅಷ್ಟು ಗಾಬರಿಯಲ್ಲೂ ನನ್ನ ಮನಸ್ಸು ತನ್ನ ಚಾಳಿ ಬಿಡಲಿಲ್ಲ. ದೊಡ್ಡ ಮಲ್ಲಪ್ಪನಿಗೆ ಇದೆಲ್ಲ ಗೊತ್ತಿರಬೇಕು, ತಮ್ಮನ ಪತ್ರದಿಂದ ತನ್ನ ದೀಪ ಹತ್ತಿದ್ದನ್ನು ತಿಳಿದೂ ಬಾಯಿ ಮುಚ್ಚಿಕೊಂಡಿದ್ದಾನೆ ಎಂದು ಹೇಳುತ್ತಿತ್ತು. ರೋಗ ಇದ್ದವನು ತನಗೆ ಇದ್ದಕ್ಕಿದ್ದಂತೆ ಹಸಿರು ಬಂದರೆ ಕೇಳಬೇಡವೇ?

ಸೈಟಿನ ಗೇಟಿನಲ್ಲಿ ನನ್ನನ್ನು ಬಿಡಲಿಲ್ಲ, ಹೆಲ್ಮೆಟ್ ಇಲ್ಲ ಎಂದರು. ಸಣ್ಣ ಮಲ್ಲಪ್ಪ ತಗಡಿನ ಬೇಲಿಯ ಹೊರಗಿನಿಂದಲೇ ಬಾಯಿಗೆ ಕೈ ಹಚ್ಚಿ ಕೂಗಿದ. "ಅಣ್ಣಾ, ಕೆಳಗ ಬಾ. ಕೆಲಸ ಐತಿ, ಬಾ." ಮೂರು ಸಲ ಕೂಗಿದ ಮೇಲೆ ಒಂಬತ್ತನೆಯ ಮಹಡಿಯ ಬಿದಿರಿನ ಅಟ್ಟಣೆಯ ಮೇಲೆ ಒಂದು ಹಳದಿ ಹೆಲ್ಮೆಟ್ಟು ಬಗ್ಗಿ ನೋಡಿತು. ಅವನು ಬೆಲ್ಟಿನ ಕೊಕ್ಕೆ ಬಿಚ್ಚಿ, ಒಂದೊಂದೇ ಮಹಡಿ ಇಳಿದು ನೆಲ ಮುಟ್ಟುವವರೆಗೆ ನಾನು ಮಹಡಿಗಳನ್ನು ಎಣಿಸುತ್ತಲೇ ಇದ್ದೆ.

ಆಮೇಲಿನದೆಲ್ಲ ಆಫೀಸಿನ ಕೆಲಸ. ತಪ್ಪು ನನ್ನ ನಿಯಮದ್ದು, ಕಾರ್ಮಿಕರದ್ದಲ್ಲ ಎಂದು ಬರವಣಿಗೆಯಲ್ಲಿ ಕೊಡಲು ಕುಲಕರ್ಣಿ ಸಾಹೇಬರು ಫೋನಿನಲ್ಲೇ ಹೇಳಿದರು. "ಮೊದಲ ನಮ್ಮ ತಪ್ಪ ಒಪ್ಪಿಕೊಳ್ಳೂಣ್ರಿ ಬಾಯಾರ. ಆಮ್ಯಾಲೆ ಅವರ ಕಡೆ ಮಾತಾಡ್ತೀನಿ." ಮಾತನಾಡಿದರು. ಸಣ್ಣ ಮಲ್ಲಪ್ಪನನ್ನು ಮರುದಿನದಿಂದ ಸಾಂತಾಕ್ರೂಜಿನಲ್ಲಿ ಒಳಗೆ ಬಿಡುವುದೆಂದಾಯಿತು. ದೊಡ್ಡ ಮಲ್ಲಪ್ಪನನ್ನು ತೆಗೆದುಹಾಕುತ್ತೇವೆ ಎಂದು ಭಾಂಡುಪಿನ ಗುತ್ತಿಗೆದಾರ ಹಟ ಹಿಡಿದ. ಸಾಹೇಬರು ಬಿಡಲಿಲ್ಲ. ಕೊನೆಗೆ ಗುತ್ತಿಗೆದಾರ ಅವನನ್ನು ಕೆಳಗೆ ಸಾಮಾನಿನ ಕೋಣೆಯಲ್ಲಿ ಇಟ್ಟುಕೊಳ್ಳಲು ಒಪ್ಪಿದ. ಮಧ್ಯಾಹ್ನದ ಹೊತ್ತಿಗೆ ಶ್ರುತಿಯ ಮೆಸೇಜೂ ಬಂತು. ಹೊಸದಾಗಿ ಓಡಿಸಿದ ಮೇಲೆ ಇಂಥದೇ ಇನ್ನೂ ಆರು ಜೋಡಿಗಳು ಬೇರ್ಪಟ್ಟಿದ್ದವು, ಆರೂ ಜೂನ್ ಒಂದರವು.

ನಾವು ಮೂವರೂ ಗೇಟಿನ ಹೊರಗಿನ ಚಹಾದ ಅಂಗಡಿಯಲ್ಲಿ ಕೂತೆವು. ನನಗೆ ಸಮಾಧಾನವಾಗಿತ್ತು. ಜೀವ ಉಳಿಯಿತು, ಕೆಲಸವೂ ಉಳಿಯಿತು ಎಂದುಕೊಂಡೆ. ಒಂದು ಕೃತಜ್ಞತೆಯ ಮಾತು ಬರಬಹುದೆಂಬ ಆಸೆಯೂ ಇತ್ತು. ದೊಡ್ಡ ಮಲ್ಲಪ್ಪ ಗ್ಲಾಸು ಹಿಡಿದುಕೊಂಡು ಗೇಟಿನ ಮಶೀನನ್ನೇ ನೋಡುತ್ತಿದ್ದ. ಅದನ್ನು ನೋಡಿ ನನಗೆ ಮತ್ತೆ ಸಂಶಯ ಬಂತು. ಕೇಳಿಯೇಬಿಟ್ಟೆ.

"ನಿಮಗ ರೋಗ ಐತಿ ಅಂತ ಗೊತ್ತಿತ್ತು. ಮತ್ತ ಹಸರ ಬಂದಾಗ ಯಾಕ ಯಾರನ್ನೂ ಕೇಳಲಿಲ್ಲ?"

"ಏನ್ ಕೇಳೂದ್ರಿ?" ಎಂದ. "ಡಾಕ್ಟರ ಮ್ಯಾಲೆ ಏರಬ್ಯಾಡ ಅಂದಾಗ ದೀಪ ಕೆಂಪ ಆತು. ನಾಕ ತಿಂಗಳಿಗೆ ಹಸರ ಆತು. ಸೂಪರ್‌ವೈಸರ ನೋಡಿ, ತೂ ಠೀಕ್ ಹೋ ಗಯಾ, ಊಪರ್ ಜಾ ಅಂದ್ರು. ಆರಾಮ ಆಗೇತಿ, ಮ್ಯಾಲೆ ಏರು ಅಂತ."

"ಗುಳಿಗಿ ತಗೋತೀರಿಲ್ಲೊ?"

"ಬಿಟ್ಟೀನ್ರಿ. ಹಸರ ಬಂದ ದಿನಽ ಬಿಟ್ಟೀನ್ರಿ. ಅವ್ವಗ ಫೋನ್ ಮಾಡಿ ಹೇಳಿದೆ, ಮುಂಬೈದಾಗ ಕಂಪ್ಯೂಟರದಾಗ ನೋಡ್ಯಾರ, ನನಗ ಆರಾಮ ಆಗೇತಂತ ಅಂತ. ಆಕಿ ಐದ ಮಂದಿ ಮುತ್ತೈದೇರಿಗೆ ಊಟ ಹಾಕಿದಳ್ರಿ."

ಅವನ ಚಹಾ ಕೆನೆಗಟ್ಟಿತ್ತು. ಸಣ್ಣ ಮಲ್ಲಪ್ಪ ಮುಖ ಆ ಕಡೆ ತಿರುಗಿಸಿಕೊಂಡ. ದೊಡ್ಡವನು ನನ್ನನ್ನೇ ನೋಡುತ್ತಿದ್ದ. ಆ ನೋಟದಲ್ಲಿ ನಾನು ಹುಡುಕುತ್ತಿದ್ದ ಕಳ್ಳತನ ಇರಲಿಲ್ಲ. ನಾನು ಹೇಳುವುದು ಏನಿದ್ದರೂ ಅದನ್ನೂ ನಂಬಲು ಅವನು ತಯಾರಾಗಿದ್ದ.

"ಹಂಗಾದ್ರ ನನಗ ಆರಾಮ ಆಗಿಲ್ಲೇನ್ರಿ ಅಕ್ಕಾರ?" ಎಂದು ಕೇಳಿದ.

"ಇಲ್ಲೋ ತಮ್ಮಾ," ಎಂದೆ. "ಆ ಹಸರು ನಿನ್ನ ತಮ್ಮಂದು. ನಿಂದು ಅಂತ ಬರದಾಕಿ ನಾನು."